ಗುಟುಕಿನ ಸದ್ದೂ ಜಪಾನೀ ನುಡಿಯೂ

ಜಪಾನೀ ಭಾಷೆಯಲ್ಲಿ ಕುಡಿಯುವುದನ್ನು ಹೇಳುವ ನಿತ್ಯಬಳಕೆಯ ಕ್ರಿಯಾಪದ ‘ನೊಮು’. ನೀರು, ಚಹಾ, ಮದ್ಯಕ್ಕೆ ಮಾತ್ರವಲ್ಲದೆ ನುಂಗುವ ಮಾತ್ರೆಗೂ ಅದೇ ಪದ ಸಲ್ಲುತ್ತದೆ. ಕುಡಿದದ್ದು ಆತುರದಿಂದಲೋ ನಿಧಾನವಾಗಿಯೋ, ಹೆಚ್ಚೋ ಕಡಿಮೆಯೋ ಎಂಬುದನ್ನು ತಿಳಿಸುವ ಹೊಣೆ ಬಹುಮಟ್ಟಿಗೆ ಕ್ರಿಯಾಪದಕ್ಕೆ ಮೊದಲು ಬರುವ ಅನುಕರಣ ಪದದ ಮೇಲೆ ಬೀಳುತ್ತದೆ. ಬಾಯಾರಿದವರು ಗಂಟಲು ಸದ್ದು ಮಾಡುವಂತೆ ತಣ್ಣೀರು ಕುಡಿದರೆ ಅದು ‘ಗೊಕುಗೊಕು’. ಅಳತೆಯ ಪರಿವೆಯಿಲ್ಲದೆ ಹೊಟ್ಟೆ ತುಂಬಿಸಿಕೊಂಡರೆ ‘ಗಬುಗಬು’. ಅಕ್ಕಿಯಿಂದ ತಯಾರಾಗುವ ಸಾಕೆ ಎಂಬ ಮದ್ಯವನ್ನು ಪುಟ್ಟ ಬಟ್ಟಲಿನಿಂದ ತುಸುತುಸುವೇ ಹೀರಿದರೆ ‘ಚಿಬಿಚಿಬಿ’. ಕೊಳವೆಯಿಂದ ಹೀರುವ ಸದ್ದು ‘ಚೂಚೂ’. ಜಪಾನಿನ ಇಲಿಯೂ ಹಾಗೆಯೇ ಕೂಗುತ್ತದೆ.

ಇವುಗಳಲ್ಲಿ ‘ಚಿಬಿಚಿಬಿ’ಯದು ಬೇರೆಯೇ ಜಾತಿ, ಏಕೆಂದರೆ ಅದು ಕಿವಿಗೆ ಬೀಳುವ ಸದ್ದಲ್ಲ, ಕುಡಿಯುವ ರೀತಿ. ನಿಜವಾದ ಧ್ವನಿಯನ್ನು ಅನುಕರಿಸುವ ಪದಗಳನ್ನು ‘ಗಿಒಂಗೊ’ ಎಂದೂ, ಸದ್ದಿಲ್ಲದ ಸ್ಥಿತಿ ಅಥವಾ ಚಲನೆಯನ್ನು ಧ್ವನಿಯ ಮೂಲಕ ಚಿತ್ರಿಸುವ ಪದಗಳನ್ನು ‘ಗಿತೈಗೊ’ ಎಂದೂ ಜಪಾನೀ ವ್ಯಾಕರಣ ವಿಂಗಡಿಸುತ್ತದೆ. ‘ಗಟಗಟ’ ಕುಡಿಯುವ, ‘ಥಳಥಳ’ ಹೊಳೆಯುವ ಕನ್ನಡಕ್ಕೆ ಈ ಎರಡೂ ಬಗೆ ಹೊಸತಲ್ಲ. ನಮ್ಮ ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯವೆಂಬ ಹೆಸರಿದೆ. ಇನ್ನೂ ಹತ್ತಿರದ ಹೋಲಿಕೆಯೆಂದರೆ, ಕನ್ನಡದಲ್ಲಿ ‘ಗಟಗಟ ಎಂದು’ ಕುಡಿಯುವಂತೆ ಜಪಾನಿಯಲ್ಲಿಯೂ ‘ಗೊಕುಗೊಕು ತೊ’ ಕುಡಿಯುತ್ತಾರೆ, ಮತ್ತು ಆ ‘ತೊ’ ಇನ್ನೊಬ್ಬರ ಮಾತನ್ನು ಉಲ್ಲೇಖಿಸುವಾಗ ಬರುವ ಅವ್ಯಯವೇ ಆಗಿದೆ.

ಈ ಪದಗಳ ಸೊಗಸು ಇರುವುದು ಅವುಗಳ ಕಟ್ಟಡದಲ್ಲಿ. ‘ಗೊಕು’ ಎಂಬ ಮೂಲವನ್ನು ಇಮ್ಮಡಿಸಿದರೆ ಮತ್ತೆ ಮತ್ತೆ ನುಂಗಿದಂತೆ, ಅದಕ್ಕೆ ‘ರಿ’ ಸೇರಿ ‘ಗೊಕುರಿ’ಯಾದರೆ ಒಂದೇ ಗುಟುಕು, ಕೊನೆಯಲ್ಲಿ ಅನುನಾಸಿಕ ಬಂದು ‘ಗೊಕುನ್’ ಆದರೆ ಆ ಗುಟುಕು ಗಂಟಲಲ್ಲಿ ಮೊಳಗಿದಂತೆ. ಮೊದಲ ವ್ಯಂಜನವನ್ನು ಘೋಷದಿಂದ ಅಘೋಷಕ್ಕೆ, ಅಂದರೆ ಗಕಾರದಿಂದ ಕಕಾರಕ್ಕೆ ಇಳಿಸಿದರೆ ‘ಕೊಕುನ್’ ಎಂಬ ಹಗುರವಾದ ನುಂಗು ಸಿಗುತ್ತದೆ. ಘೋಷ ವ್ಯಂಜನ ಭಾರ, ಗಾತ್ರ, ಒರಟುತನಗಳನ್ನೂ ಅಘೋಷ ವ್ಯಂಜನ ಲಘುತ್ವವನ್ನೂ ಸೂಚಿಸುವ ಈ ಒಲವು ಭಾಷೆಯ ಉದ್ದಗಲಕ್ಕೂ ಹರಡಿದೆ: ಗೋಲಿ ಉರುಳುವುದು ‘ಕೊರೊಕೊರೊ’, ಬಂಡೆ ಉರುಳುವುದು ‘ಗೊರೊಗೊರೊ’, ಬಾಗಿಲನ್ನು ಮೆಲ್ಲನೆ ತಟ್ಟಿದರೆ ‘ತೊನ್‌ತೊನ್’, ಗುದ್ದಿದರೆ ‘ದೊನ್‌ದೊನ್’. ಪದದ ಸದ್ದಿಗೂ ಅರ್ಥಕ್ಕೂ ಸಂಬಂಧವೇ ಇಲ್ಲವೆಂಬ ಭಾಷಾಶಾಸ್ತ್ರದ ಪಾಠವನ್ನು ಇಲ್ಲಿ ಪೂರ್ತಿಯಾಗಿ ಒಪ್ಪುವುದು ಕಷ್ಟ.

ಶೊಗಾಕುಕಾನ್ ಪ್ರಕಾಶನ 2007ರಲ್ಲಿ ಹೊರತಂದ, ಇಂಥ ಪದಗಳಿಗೇ ಮೀಸಲಾದ ನಿಘಂಟಿನಲ್ಲಿ ಸುಮಾರು 4,500 ಪದಗಳಿವೆ. ಕಥೆಗಾರ ಮಿಯಾಜಾವಾ ಕೆಂಜಿಯಂತೂ ಭಾಷೆಯಲ್ಲಿದ್ದ ಪದಗಳಿಂದ ತೃಪ್ತನಾಗದೆ ತನ್ನ ಮಕ್ಕಳ ಕಥೆಗಳಿಗೆ ಹೊಸ ಅನುಕರಣಗಳನ್ನು ತಾನೇ ಸೃಷ್ಟಿಸಿಕೊಂಡವನು. ಹಾಗೆಂದು ಇವು ಮಕ್ಕಳ ಮಾತಷ್ಟೇ ಅಲ್ಲ. ರೋಗಿ ವೈದ್ಯರ ಮುಂದೆ ಮಿಡಿಯುವ ನೋವನ್ನು ‘ಜುಕಿಜುಕಿ’ ಎಂದೂ, ಚುಚ್ಚುವ ನೋವನ್ನು ‘ಚಿಕುಚಿಕು’ ಎಂದೂ ಹೇಳಿದರೆ ವೈದ್ಯರಿಗೆ ಅದು ಉಪಯುಕ್ತ ವಿವರ. ಮಾಂಸದ ತೆಳು ಹಾಳೆಯನ್ನು ಕುದಿನೀರಿನಲ್ಲಿ ಅಲ್ಲಾಡಿಸಿ ತಿನ್ನುವ ಅಡುಗೆಗೆ ಆ ಅಲ್ಲಾಟದ ಸದ್ದಿನಿಂದಲೇ ‘ಶಾಬುಶಾಬು’ ಎಂಬ ಹೆಸರು ಬಂದಿದೆ.

ಇದೇ ಶಬ್ದಸಂಪತ್ತು ಶಿಶುಪಾಲನೆಯ ಪುಸ್ತಕಗಳಲ್ಲಿ ಪಾರಿಭಾಷಿಕವಾಗಿಯೂ ಬಳಕೆಯಾಗುತ್ತದೆ. ಮಗುವಿಗೆ ಹಾಲಿನ ಜೊತೆ ಗಟ್ಟಿ ಆಹಾರ ರೂಢಿಸುವ ಅವಧಿಯಲ್ಲಿ, ನುಣ್ಣನೆಯ ಗಂಜಿಯನ್ನು ನುಂಗಲು ಕಲಿಯುವ 5–6ನೆಯ ತಿಂಗಳು ‘ಗೊಕ್ಕುನ್’ ಹಂತ. ತುಟಿ ಮುಚ್ಚಿ, ನಾಲಿಗೆಯಿಂದ ಒತ್ತಿ ಮೆಲ್ಲುವ 7–8ನೆಯ ತಿಂಗಳು ‘ಮೊಗುಮೊಗು’. ಒಸಡಿನಿಂದ ಅಗಿಯುವ 9–11ನೆಯ ತಿಂಗಳು ‘ಕಾಮಿಕಾಮಿ’. ವರ್ಷ ತುಂಬಿದ ಬಳಿಕ ಬಾಯಿ ತೆರೆದು ಮುಚ್ಚಿ ತಾನೇ ತಿನ್ನುವ ಹಂತ ‘ಪಾಕುಪಾಕು’. ಈ ನಾಲ್ಕರಲ್ಲಿ ‘ಕಾಮಿಕಾಮಿ’ ಮಾತ್ರ ಅನುಕರಣದಿಂದ ಹುಟ್ಟಿದ್ದಲ್ಲ. ಅಗಿಯುವುದೆಂಬ ಅರ್ಥದ ‘ಕಾಮು’ ಕ್ರಿಯಾಪದವನ್ನು ಉಳಿದವುಗಳ ಅಚ್ಚಿಗೆ ಹೊಂದುವಂತೆ ಇಮ್ಮಡಿಸಿ ಮಾಡಿಕೊಂಡದ್ದು.