ಕಿತ್ತಷ್ಟೂ ಹುಟ್ಟುವ ಐಪ್ಟೇಸಿಯಾ

ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ ಸಾಕುವವರಿಗೆ ಒಂದಲ್ಲ ಒಂದು ದಿನ ಕಲ್ಲಿನ ಸಂದಿಯಲ್ಲಿ ಪುಟ್ಟ ತೆಂಗಿನಮರ ಕಾಣಿಸುತ್ತೆ. ಕಂದು ಬಣ್ಣದ ತೆಳು ಕಾಂಡ, ತುದಿಯಲ್ಲಿ ಗರಿಗಳಂಥ ಎಳೆಗಳು. ನಾವು ಗೆಳೆಯರು ಸೇರಿ ಇಟ್ಟಿರೋ ಟ್ಯಾಂಕಿನಲ್ಲಿ ಅದು ಕಂಡಾಗ ಫ್ರೀಯಾಗಿ ಒಂದು ಹವಳ ಬಂತು ಅಂತ ಖುಷಿಪಟ್ಟಿದ್ದೆವು. ಅದು ಐಪ್ಟೇಸಿಯಾ ಅನ್ನೋ ಸೀ ಅನಿಮೋನ್. ಪಕ್ಕದ ಹವಳಗಳನ್ನು ಕುಟುಕಿ ಕುಟುಕಿ ಅವುಗಳ ಜಾಗ ಹಿಡಿಯೋದು ಅದರ ಕೆಲಸ.

ಗೊತ್ತಾದ ಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆವು, ಚಿಮುಟದಿಂದ ಕಿತ್ತೆವು. ಮುಟ್ಟಿದ ತಕ್ಷಣ ಸಂದಿಯೊಳಗೆ ಸೇರಿಕೊಂಡಿತು, ಕೈಗೆ ಬಂದದ್ದು ಅರ್ಧ. ಬುಡದ ಒಂದು ಚೂರು ಉಳಿದರೂ ಸಾಕು, ಅದರಿಂದ ಪೂರ್ತಿ ಹೊಸ ಪ್ರಾಣಿ ಬೆಳೆಯುತ್ತೆ. ಕೆಲವೇ ವಾರಗಳಲ್ಲಿ ಒಂದಿದ್ದದ್ದು ಒಂಬತ್ತಾಯ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಸುಣ್ಣ! ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಮೆಲ್ಲಗೆ ಅದರ ಬಾಯಿ ಮೇಲೆ ಬಿಡಬೇಕು. ಪೇಸ್ಟಿನ ಪಿಎಚ್ ಸುಮಾರು 12, ಹಾಗಾಗಿ ಅದು ಸುಟ್ಟುಹೋಗುತ್ತೆ. ಅದೇ ಕಾರಣಕ್ಕೆ ಸಣ್ಣ ಟ್ಯಾಂಕಿನಲ್ಲಿ ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಮುಟ್ಟಬೇಡಿ, ಇಡೀ ನೀರಿನ ಪಿಎಚ್ ಏರಿಬಿಡುತ್ತೆ. ಎಲೆ ಅಡಿಕೆಯ ಸುಣ್ಣ ಬೇಡ, ಅದರಲ್ಲಿ ಏನೇನು ಬೆರೆತಿರುತ್ತೋ. ಪೆಪರ್‌ಮಿಂಟ್ ಸೀಗಡಿ ಕೂಡ ಐಪ್ಟೇಸಿಯಾ ತಿನ್ನುತ್ತೆ, ಮೂಡ್ ಇದ್ದರೆ. ಬರ್ಗಿಯಾ ಅನ್ನೋ ಪುಟ್ಟ ಕಡಲ ಹುಳಕ್ಕೆ ಅದು ಬಿಟ್ಟು ಬೇರೆ ಊಟವೇ ಇಲ್ಲ.

ಇದಕ್ಕಿಂತ ಕಳ್ಳ ಇನ್ನೊಂದಿದೆ. ಗಟ್ಟಿ ಹವಳಗಳು ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ನಾವು ಅದರ ಗೋಜಿಗೆ ಹೋಗಿಲ್ಲ. ನಮ್ಮಲ್ಲಿರೋದು ಶರ್ಟಿನ ಗುಂಡಿಯಷ್ಟಗಲ ಹೂವಿನಂತೆ ಅರಳುವ ಜೋಯಾಂಥಿಡ್‌ಗಳು. ಅವು ದಿನಗಟ್ಟಲೆ ಮುಚ್ಚಿಕೊಂಡೇ ಇದ್ದರೆ ರಾತ್ರಿ ಟಾರ್ಚ್ ಹಾಕಿ ನೋಡಿ. ಅವನ್ನು ತಿನ್ನುವ ನ್ಯೂಡಿಬ್ರ್ಯಾಂಕ್ ತಿಂದ ಹವಳದ ಬಣ್ಣವನ್ನೇ ಪಡೆದು, ಅದರ ಎಳೆಗಳಂತೆಯೇ ಕಾಣುತ್ತೆ. ಬೇರೆ ಪಾತ್ರೆಯಲ್ಲಿ ಟ್ಯಾಂಕಿನದೇ ನೀರಿಗೆ ಅಯೋಡಿನ್ ಡಿಪ್ ಅನ್ನು ಬಾಟಲಿಯಲ್ಲಿ ಹೇಳಿದಷ್ಟೇ ಹಾಕಿ ಹವಳವನ್ನು ಅದ್ದಿ ಅಲ್ಲಾಡಿಸಿದರೆ ಹುಳಗಳು ಉದುರುತ್ತವೆ. ಮೊಟ್ಟೆ ಮಾತ್ರ ಸಾಯೋದಿಲ್ಲ. ಬುಡದಲ್ಲಿ ಬಿಳಿ ಸುರುಳಿಯಂತೆ ಅಂಟಿರೋ ಅದನ್ನು ಹಳೇ ಬ್ರಷ್‌ನಿಂದ ಕೆರೆದು, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಡಿಪ್ ಮಾಡಬೇಕು. ನಾವು ಒಂದೇ ಸಲಕ್ಕೆ ಬಿಟ್ಟೆವು, ಹತ್ತು ದಿನಕ್ಕೆ ಮತ್ತೆ ಶುರು. ಮೀನಿಗೆ ಹಾಕುವ ತಾಮ್ರದ ಔಷಧಿ ಅಂತೂ ಬೇಡವೇ ಬೇಡ, ಹವಳ ಸೀಗಡಿ ಎಲ್ಲ ಸಾಯುತ್ತವೆ.

ಕೆರೆಯುವಾಗ ಗ್ಲೌಸ್, ಕನ್ನಡಕ ಹಾಕಲೇಬೇಕು. ಕೆಲವು ಜೋಯಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇದೆ. ಗಾಯಕ್ಕೋ ಕಣ್ಣಿಗೋ ಹನಿ ಬಿದ್ದರೂ ಅಪಾಯ. ಬೇಸತ್ತು ಕಲ್ಲನ್ನೇ ಕುದಿಸಿಬಿಡೋಣ ಅಂತ ನಮ್ಮಲ್ಲೊಬ್ಬ ಇಂಡಕ್ಷನ್ ಸ್ಟವ್ ತಂದೂ ಬಿಟ್ಟಿದ್ದ. ಹಾಗೆ ಕುದಿಸಿ, ಆ ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ ಅಂತ ಅದೇ ರಾತ್ರಿ ಓದಿದೆವು. ಸ್ಟವ್ ಈಗ ಮ್ಯಾಗಿಗೆ ಮಾತ್ರ.