ಹೆಣ್ಣುಮಕ್ಕಳು ಓದಲೇಬೇಕಾದ ಪ್ರವಾಸ ಕಥನಗಳು

ಹಜ್ಜ್ ಮುಗಿಸಿ ಬಂದವರ ಮನೆಗೆ ಹೋದರೆ ಝಮ್‌ಝಮ್ ನೀರು, ಖರ್ಜೂರ ಸಿಗುತ್ತದೆ. ಯಾತ್ರೆಯ ಕಥೆಯನ್ನು ಮಾತ್ರ ಹೆಚ್ಚಾಗಿ ಗಂಡಸರೇ ಹೇಳುತ್ತಾರೆ. ಅದಕ್ಕೇ ನಾನು ವಿದ್ಯಾರ್ಥಿನಿಯರಿಗೆ ಮೊದಲು ಸೂಚಿಸುವುದು ಭೋಪಾಲದ ಸಿಕಂದರ್ ಬೇಗಂ ಅವರ ಹಜ್ಜ್ ಕಥನವನ್ನು. 1863–64ರ ಆ ಯಾತ್ರೆಯಲ್ಲಿ ಕಂಡ ಜಿದ್ದಾದ ಕೊಳಕನ್ನೂ ಸುಂಕದವರ ಕಾಟವನ್ನೂ ಅವರು ಮುಚ್ಚಿಡಲಿಲ್ಲ. ದಾರಿಯ ಭಯದಿಂದ ಮದೀನಾಕ್ಕೆ ಹೋಗದೆ ಮರಳಿದ್ದನ್ನೂ ಬರೆದರು. 1870ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಇಬ್ನ್ ಬತೂತರದ್ದು ದೊಡ್ಡ ಗ್ರಂಥ. ಪೂರ್ತಿ ಓದಲು ಪುರುಸೊತ್ತಿಲ್ಲದವರು ನಮ್ಮ ಹೊನ್ನಾವರದ ಭಾಗವನ್ನಾದರೂ ಓದಿ. ಅಲ್ಲಿನ ಮುಸ್ಲಿಮ್ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದರು, ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಆ 14ನೇ ಶತಮಾನದ ಯಾತ್ರಿಕ ಹೇಳುತ್ತಾರೆ. ಇದನ್ನು ತರಗತಿಯಲ್ಲಿ ಓದಿದಾಗ ಒಬ್ಬಳು ಎದ್ದು, "ಹಾಗಾದರೆ ನಮ್ಮಜ್ಜಿಗೆ ಯಾಕೆ ಓದು ಕಲಿಸಲಿಲ್ಲ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ನಾನು ಓದಲು ಬಹಳ ಆಸೆಪಟ್ಟ ಕಥನವೊಂದು ಇಲ್ಲವೇ ಇಲ್ಲ. ಬಾಬರನ ಮಗಳು ಗುಲ್‌ಬದನ್ ಬೇಗಂ ಐವತ್ತು ದಾಟಿದ ಮೇಲೆ ಅರಮನೆಯ ಸ್ತ್ರೀಯರೊಂದಿಗೆ ಹಜ್ಜ್‌ಗೆ ಹೊರಟು, ಮಕ್ಕಾದಲ್ಲಿ ವರ್ಷಗಟ್ಟಲೆ ಇದ್ದು, 1582ರಲ್ಲಿ ಮರಳಿದರು. ಬರುವಾಗ ಏಡನ್ ಬಳಿ ಹಡಗು ಒಡೆಯಿತು. ಅವರು ಬರೆದ 'ಹುಮಾಯೂನ್ ನಾಮಾ'ದಲ್ಲಿ ಅಣ್ಣನ ಕಾಲದ ಸಂಗತಿಗಳಿವೆ. ಈ ಯಾತ್ರೆಯ ಮಾತಿಲ್ಲ.

ನನ್ನ ಉಮ್ಮ 1990ರಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋದವರು. ಈಗ ಇಶಾ ನಮಾಝ್ ಆದ ಮೇಲೆ ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂರುತ್ತೇನೆ. ಮೊದಲ ಎಂಟು ಪುಟ ಹಡಗಿನ ವಾಂತಿಯದ್ದೇ ಆಯಿತು.