ಕೆಟ್ಟಿಲ್ಲ, ಆದರೂ ಪಟ್ಟಿಯಲ್ಲಿಲ್ಲ

2017ರ ಜೂನ್ 27ರಂದು ನವಿ ಮುಂಬಯಿಯ ಮಗ್ಗುಲಲ್ಲೇ ಇರುವ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ, ಮರ್ಸ್ಕ್ ಸಮೂಹ ನಡೆಸುವ ಟರ್ಮಿನಲ್‌ನ ಕಂಪ್ಯೂಟರುಗಳು ಸ್ತಬ್ಧವಾದವು. ಕಂಟೇನರುಗಳ ಕೆಲಸವನ್ನು ಕೈಯಿಂದಲೇ ನಿಭಾಯಿಸಬೇಕಾಯಿತು. ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹೊರಬಿದ್ದ ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ ಮರ್ಸ್ಕ್ ಜಾಲದೊಳಗೆ ನುಗ್ಗಿ ಇಲ್ಲಿಯವರೆಗೂ ಬಂದಿತ್ತು. ಅದು ಹರಡಿದ ದಾರಿಗಳಲ್ಲಿ ಒಂದು ವಿಂಡೋಸ್‌ನಲ್ಲಿದ್ದ ಬಿರುಕು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿತ್ತು.

ವಿಂಡೋಸ್ 10ಕ್ಕೆ ಇಂಥ ಉಚಿತ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡವು. ಮರುದಿನವೂ ಕಂಪ್ಯೂಟರ್ ಎಂದಿನಂತೆಯೇ ಶುರುವಾಯಿತು; ಹಾಗಾಗಿ ಅಪಾಯ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹುಪಾಲು ಒಂದೇ. ಹನ್ನೊಂದಕ್ಕೆ ಬಂದ ತೇಪೆಯನ್ನು ಬಿಡಿಸಿ ನೋಡಿದ ದಾಳಿಕೋರನಿಗೆ ಹತ್ತರಲ್ಲಿ ಬಿರುಕು ಎಲ್ಲಿದೆ ಎಂಬುದೂ ಗೊತ್ತಾಗಿಬಿಡುತ್ತದೆ.

ಹಾಗಾದರೆ ಹನ್ನೊಂದಕ್ಕೇ ಹೋಗೋಣವೆಂದರೆ ಟಿಪಿಎಂ 2.0 ಬೇಕು. ಬೀಗದ ಕೀಲಿಗಳನ್ನು ಕಾಯುವ ಭದ್ರತಾ ಚಿಪ್ ಅದು. ಕಂಪ್ಯೂಟರ್ ಶುರುವಾಗುವಾಗ ಪ್ರತಿ ಹಂತದ ಕೋಡ್‌ನ ಬೆರಳಚ್ಚು ಅದರಲ್ಲಿ ದಾಖಲಾಗುತ್ತದೆ. ಯಾರಾದರೂ ಕೈಯಾಡಿಸಿದ್ದರೆ ಡಿಸ್ಕಿನ ಕೀಲಿಯನ್ನು ಅದು ಬಿಟ್ಟುಕೊಡುವುದಿಲ್ಲ. 2016ರ ಲ್ಯಾಪ್‌ಟಾಪ್ ಇದ್ದರೆ ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ, ‘ಟಿಪಿಎಂ ಡಾಟ್ ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಎಷ್ಟೋ ಯಂತ್ರಗಳಲ್ಲಿ 2.0 ಎಂದೇ ಬರುತ್ತದೆ. ಆದರೂ ಪ್ರವೇಶವಿಲ್ಲ, ಏಕೆಂದರೆ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳು, ಕೆಲವನ್ನು ಬಿಟ್ಟರೆ, ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲೇ ಇಲ್ಲ.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. ವಿಂಡೋಸ್‌ನ ಒಡಲೊಳಗೆ ಪರಿಶೀಲಿಸಿದ ಕೋಡ್ ಮಾತ್ರ ಓಡಲಿ ಎಂಬ ಕಾವಲಿಗೆ ಪ್ರೊಸೆಸರಿನ ನೆರವು ಬೇಕು. ಆರನೇ ಪೀಳಿಗೆಯಲ್ಲಿ ಅದಿಲ್ಲ; ತಂತ್ರಾಂಶದಿಂದಲೇ ಮಾಡಿದರೆ ವೇಗ ಕುಗ್ಗುತ್ತದೆ. ಆದರೆ ಏಳನೇ ಪೀಳಿಗೆಯಲ್ಲಿ ಆ ನೆರವು ಇದೆ. ಹಾಗಿದ್ದೂ ಆ ಪೀಳಿಗೆ ಬಹುತೇಕ ಹೊರಗುಳಿಯಿತು. 2021ರಲ್ಲಿ ಒಳಗೆ ಬಂದ ಕೆಲವೇ ಚಿಪ್‌ಗಳಲ್ಲಿ ಒಂದು, ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಐ7-7820ಎಚ್‌ಕ್ಯೂ. ಈ ಭೇದವನ್ನು ನಾನು ಒಪ್ಪಲಾರೆ. ಲ್ಯಾಪ್‌ಟಾಪಿನ ಇಂಗಾಲದ ಹೊರೆಯಲ್ಲಿ ಬಹುಪಾಲು ತಯಾರಿಕೆಯಲ್ಲೇ ಬರುತ್ತದೆ. ಗಟ್ಟಿಮುಟ್ಟಾಗಿರುವುದನ್ನು ಎಸೆದು ಹೊಸದನ್ನು ಕೊಂಡರೆ ಆ ಹೊರೆ ಮತ್ತೊಮ್ಮೆ ಬೀಳುತ್ತದೆ.

ಠಾಣೆಯಿಂದ ಕಲ್ಯಾಣದವರೆಗೆ ತೆರಿಗೆ ಸಲಹೆಗಾರರ ಕಚೇರಿ, ಹೋಟೆಲಿನ ಗಲ್ಲಾ, ಟ್ಯೂಷನ್ ಕ್ಲಾಸುಗಳಿಗೆ ಎಸ್‌ಎಸ್‌ಡಿ ಹಾಕಿಸಿದ ಹಳೆಯ ಯಂತ್ರವೇ ಬೇಕಾದಷ್ಟಾಯಿತು. ವಿಂಡೋಸ್ 10ರಲ್ಲೇ ಉಳಿದ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಕಚೇರಿಗಳು ಹಣ ಕೊಟ್ಟು ಮೂರು ವರ್ಷದವರೆಗೂ ಪಡೆಯಬಹುದು. ಯುರೋಪಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದದ್ದರಿಂದ ಅಲ್ಲಿನ ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಖಾತೆಯೊಂದಿದ್ದರೆ ಸಾಕು, ಉಚಿತ. ನಮಗಾದರೆ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡಿಗೆ ಒಪ್ಪಿಸಬೇಕು, ಇಲ್ಲವೇ ಹಣವನ್ನೋ ರಿವಾರ್ಡ್ ಅಂಕಗಳನ್ನೋ ತೆರಬೇಕು. ನಮ್ಮ ಗ್ರಾಹಕ ವ್ಯವಹಾರ ಇಲಾಖೆಯೂ ಹಾಗೆ ಪಟ್ಟು ಹಿಡಿಯಬೇಕು.

ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಿಡಲಾಗದವರಿಗೆ ವಿಂಡೋಸ್ ಬೇಕೇ ಬೇಕು. ಅವರು ಈ ವಿಸ್ತರಣೆಯನ್ನು ತಪ್ಪಿಸಿಕೊಳ್ಳಬಾರದು. ಬ್ರೌಸರಿನಲ್ಲೇ ಕೆಲಸ ಮುಗಿಯುವವರು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ವೈಫೈ ಸಿಗುತ್ತದೆಯೇ, ಪ್ರಿಂಟರ್ ಓಡುತ್ತದೆಯೇ, ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದೆಲ್ಲ ಡಿಸ್ಕ್ ಮುಟ್ಟುವ ಮೊದಲೇ ತಿಳಿಯುತ್ತದೆ.